ಸಮುದ್ರ ದಾಟಿದ ಮಂತ್ರಾಕ್ಷತೆ

ರಂಗನಾಯಕಿಯ ಮನೆಯಿಂದ ಬರಿಗೈಯಲ್ಲಿ ಹೊರಟವರು ಯಾರೂ ಇಲ್ಲ. ಕರೆಂಟ್ ಮೀಟರ್ ನೋಡಲು ಬಂದವನಿಗೆ ಬಾಳೆಹಣ್ಣು, ಸಿಲಿಂಡರ್ ಹೊತ್ತು ತಂದವನಿಗೆ ಚಕ್ಕುಲಿ. ಬೇಡವೆಂದರೆ ಬಿಡುವ ಪೈಕಿಯಲ್ಲ. ಗೇಟಿನವರೆಗೂ ಬೆನ್ನು ಹತ್ತಿ ಹೋಗಿ ಜೇಬಿಗೆ ತುರುಕಿ ಬರುವವಳು. ಗವಿಪುರದ ಆ ಓಣಿಯಲ್ಲಿ ಇದನ್ನು ಕಂಡು ನಗುವವರಿದ್ದರು. ನಗಲಿ ಬಿಡಿ. ಅರವತ್ತು ದಾಟಿದ, ಮದುವೆಯಾಗದ, ಹಿಂದೆಮುಂದೆ ಯಾರೂ ಇಲ್ಲದ ಹೆಂಗಸಿಗೆ, ಯಾರಿಗಾದರೂ ಏನಾದರೂ ಕೊಡಬೇಕೆಂದರೆ ಇಂಥ ನೆಪಗಳೇ ಗತಿ. ಅದು ನಗುವವರ ತಲೆಗೆ ಹೊಳೆಯುವ ವಿಷಯವಲ್ಲ.

ಆಕೆಯ ಕಸುಬು ಗೆಜ್ಜೆವಸ್ತ್ರ. ದೇವರಿಗೆ ಏರಿಸುವ ಹತ್ತಿಯ ಹಾರ ಅದು. ಹತ್ತಿಯನ್ನು ಬಿಡಿಸಿ, ಬೆರಳಿಗೆ ಹಾಲು ತಾಕಿಸಿಕೊಂಡು ಹೊಸೆದು, ನಡುನಡುವೆ ಗೆಜ್ಜೆಯಂತೆ ಉಬ್ಬು ಬಿಟ್ಟು, ಕುಂಕುಮದ ಬೊಟ್ಟಿಟ್ಟು ಮುಗಿಸಬೇಕು. ಅಮ್ಮನಿಂದ ಬಂದ ವಿದ್ಯೆ. ಅಮ್ಮ ಹೋದಳು, ಶಾಲೆಯ ಕಚೇರಿಯಲ್ಲಿದ್ದ ಗುಮಾಸ್ತೆಯ ಕೆಲಸದಿಂದಲೂ ನಿವೃತ್ತಿಯಾಯಿತು. ಸುಮ್ಮನೆ ಕೂತರೆ ಮನೆಯ ಗೋಡೆಗಳೇ ಮೈಮೇಲೆ ಬಂದಂತಾಗುತ್ತಿತ್ತು. ಅದಕ್ಕೇ ಶುರು ಮಾಡಿದಳು. ಗುಟ್ಟಹಳ್ಳಿಯ ಸಿದ್ದಮ್ಮ ಮಧ್ಯಾಹ್ನದ ಹೊತ್ತು ಬಂದು ಜೊತೆಗೆ ಹೊಸೆಯುತ್ತಿದ್ದಳು. ಬಾಯಿ, ಕೈ ಎರಡೂ ಒಂದೇ ವೇಗದಲ್ಲಿ ಓಡುವ ಹೆಂಗಸು. ಸಂಜೆ ಆಕೆ ಹೊರಟಳೆಂದರೆ ಮನೆಯಲ್ಲಿ ಉಳಿಯುತ್ತಿದ್ದದ್ದು ಗಾಳಿಯಲ್ಲಿ ತೇಲುವ ಹತ್ತಿಯ ಎಳೆ ಮತ್ತು ರಂಗನಾಯಕಿಯ ಸೀನು, ಅಷ್ಟೆ.

ಇಂಥ ಮನೆಯ ಸರಕು ಹಡಗು ಹತ್ತಿ ಮೆಲ್ಬರ್ನ್‌ವರೆಗೆ ಹೋಗುತ್ತಿತ್ತು ಎಂದರೆ ಅದಕ್ಕೆ ಕಾರಣ ಮನೋಹರ್. ಮೂಲತಃ ಮಲ್ಲೇಶ್ವರದವರು, ಆ ದೇಶ ಸೇರಿ ಮೂವತ್ತು ವರ್ಷ ದಾಟಿತ್ತು. ಅಲ್ಲಿ ಪೂಜಾಸಾಮಗ್ರಿಯ ಅಂಗಡಿ ಇಟ್ಟಿದ್ದರು. ಯಾರೋ ಗಿರಾಕಿ ಊರಿನಿಂದ ತಂದಿದ್ದ ಗೆಜ್ಜೆವಸ್ತ್ರದ ಕವರಿನ ಮೇಲೆ ಫೋನ್ ನಂಬರ್ ಇತ್ತು. ಅದನ್ನು ನೋಡಿ ಒಂದು ಭಾನುವಾರ ಕರೆ ಮಾಡಿದರು. "ಇಷ್ಟು ನವಿರಾಗಿ ಹೊಸೆದಿರೋದು ನಮ್ಮಮ್ಮನ ಕೈಲಿ ಬಿಟ್ರೆ ಇದ್ರಲ್ಲೇ ನೋಡಿದ್ದು ನಾನು" ಎಂದರು. ಅಲ್ಲಿಂದ ಪ್ರತಿ ಭಾನುವಾರ, ಅವರ ಅಂಗಡಿ ಮುಚ್ಚುವ ಹೊತ್ತಿಗೆ, ಅಂದರೆ ನಮ್ಮಲ್ಲಿ ಅಡುಗೆಯ ಹೊತ್ತಿಗೆ, ಫೋನ್ ಬರತೊಡಗಿತು.

ಆರ್ಡರ್ ಹೇಳುವುದಕ್ಕೆ ಎರಡು ನಿಮಿಷ ಸಾಕಾಗುತ್ತಿತ್ತು. ಮಿಕ್ಕದ್ದೆಲ್ಲ ಮಾತು. ಅವರಿಗೆ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸಂಪಿಗೆ ರಸ್ತೆಯಲ್ಲಿ ಈಗ ಯಾವ ಅಂಗಡಿ ಇದೆ, ಯಾವುದು ಹೋಯಿತು ಎಂದು ಕೇಳುವರು. ಅಲ್ಲಿನ ಚಳಿಯನ್ನು ಬೈಯುವರು. ಒಮ್ಮೆ ಅವರೆಕಾಳಿನ ಹುಳಿ ಮಾಡಲು ಹೋಗಿ ತಳ ಹಿಡಿಸಿದ ಕಥೆಯನ್ನೇ ಅರ್ಧ ಗಂಟೆ ಹೇಳಿದರು. ಈಕೆಯನ್ನು ಅವರು 'ನಾಯಕಿಯವರೇ' ಎಂದು ಕರೆಯುತ್ತಿದ್ದರು. ಹುಟ್ಟಿದಾಗಿನಿಂದ ರಂಗಿ, ರಂಗ, ರಂಗಕ್ಕ ಎಂದೇ ಕರೆಸಿಕೊಂಡು ಬಂದವಳಿಗೆ, ಹೆಸರಿನ ಹಿಂದಿನ ತುದಿಯನ್ನು ಹಿಡಿದು ಯಾರೋ ಗೌರವದಿಂದ ಕರೆದದ್ದು ಅದೇ ಮೊದಲು.

ಭಾನುವಾರ ಆಕೆ ತಲೆಗೆ ಸ್ನಾನ ಮಾಡಿ, ಇಸ್ತ್ರಿಯ ಸೀರೆ ಉಟ್ಟು ಕೂರುತ್ತಿದ್ದಳು. "ಫೋನಲ್ಲಿ ಸೀರೆ ಕಾಣ್ತದಾ ಅಮ್ಮಾರೆ?" ಎಂದು ಸಿದ್ದಮ್ಮ ಕೇಳಿದ್ದಕ್ಕೆ ಒಂದು ದಿನವಿಡೀ ಮುಖ ಊದಿಸಿಕೊಂಡಿದ್ದಳು. ಇದಕ್ಕೆ ಹೆಸರಿಡಲು ಆಕೆಗೆ ಧೈರ್ಯವಿರಲಿಲ್ಲ. ನಮಗೇನು ಅಡ್ಡಿ? ಅದು ಪ್ರೀತಿಯೇ.

ವ್ಯಾಪಾರ ದೊಡ್ಡದಾದಾಗ ಕರಾರು ಪತ್ರ ಬಂತು. ಕಳಿಸಿದವರು ಮನೋಹರ್ ಅವರೇ. "ನೀವು ಸುಮ್ನೆ ಸಹಿ ಹಾಕ್ಬೇಡಿ ನಾಯಕಿಯವ್ರೆ. ಯಾರಾದ್ರೂ ವಕೀಲರ ಹತ್ರ ತೋರ್ಸಿ" ಎಂದರು. ಚಾಮರಾಜಪೇಟೆಯ ದೊರೆಸ್ವಾಮಿ ವಕೀಲರು ಊದುಬತ್ತಿ ರಫ್ತು ಮಾಡುವವರ ಕಾಗದಪತ್ರ ನೋಡಿ ನೋಡಿ ಪಳಗಿದವರು. ಪ್ರಪಂಚದಲ್ಲಿ ಅವರಿಗೆ ಕಾಣುತ್ತಿದ್ದದ್ದು ಒಂದೇ ವಸ್ತು: ರಿಸ್ಕು. ಮಗಳ ಮದುವೆಯಲ್ಲೂ ಊಟದ ಎಲೆಯ ಮುಂದೆ ಕೂತು ಅಡುಗೆಯವನ ಕಂಟ್ರಾಕ್ಟಿನ ದೋಷ ಹೇಳಿದವರಂತೆ.

"ನೋಡಿ ಅಮ್ಮ, ಮನೆ ಹತ್ರ ಯಾಪಾರ ಮಾಡಿದ್ರೆ ಜಗಳ ಬೀದೀಲಿ ಮುಗಿಯುತ್ತೆ. ಪರದೇಶದ ಜೊತೆ ಮಾಡಿದ್ರೆ ಕೋರ್ಟು ಅವರದು, ಕಾನೂನು ಅವರದು, ಅಲ್ಲಿಗೆ ಹೋಗಿ ಬರೋ ಖರ್ಚು ಮಾತ್ರ ನಿಮ್ಮದು" ಎಂದು ಅವರು ಕನ್ನಡಕ ಸರಿಮಾಡಿಕೊಂಡರು. "ಎಲ್ಲಕ್ಕಿಂತ ಮುಖ್ಯ ಇಲ್ಲಿದೆ. ಎಲೆ, ಹೂವು, ಬೀಜ, ಧಾನ್ಯ, ಮಣ್ಣು, ಇದ್ಯಾವುದೂ ಡಬ್ಬದೊಳಗೆ ಇರಬಾರದು. ಅವರ ದೇಶಕ್ಕೆ ಹುಳುಹುಪ್ಪಟೆ ಬರಬಾರದು ಅಂತ ಪ್ರಾಣ ಬಿಡ್ತಾರೆ ಅವರು. ಇದ್ರೆ ಪೂರ್ತಿ ನಷ್ಟ ನಿಮ್ಮ ತಲೆಗೆ. ನಿಮ್ಮ ಹೆಸರಲ್ಲಿ ಏನಿದೆ?"

"ಮನೆ ಒಂದಿದೆ."

"ಹಾಗಾದ್ರೆ ಮನೆ ಹೋಗುತ್ತೆ" ಎಂದರು ದೊರೆಸ್ವಾಮಿ, ಕಾಫಿ ತಣ್ಣಗಾಯಿತು ಎನ್ನುವ ದನಿಯಲ್ಲಿ.

ರಂಗನಾಯಕಿ ಆ ಮಾತನ್ನು ಶಾಸನದಂತೆ ಪಾಲಿಸಿದಳು. ಹತ್ತಿಯ ಬೀಜದ ಒಂದು ಚೂರೂ ಉಳಿಯದಂತೆ ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು ನೋಡುತ್ತಿದ್ದಳು. ಸಿದ್ದಮ್ಮ ಮುಡಿಯಲ್ಲಿ ಹೂವಿಟ್ಟು ಬಂದರೆ ಬಾಗಿಲಲ್ಲೇ ತೆಗೆಸುತ್ತಿದ್ದಳು. ಡಬ್ಬಕ್ಕೆ ಅಂಟಿಸುವ ಪಟ್ಟಿಯನ್ನು ಕೂಡ ಒರೆಸಿ ಅಂಟಿಸುವಳು. ಎರಡು ವರ್ಷ ಒಂದು ಮಾತು ಬರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಮನೋಹರ್ ಮಾಮೂಲಿಗಿಂತ ಕಡಿಮೆ ಮಾತಾಡಿದರು. ಕೆದಕಿ ಕೇಳಿದ ಮೇಲೆ, "ಹೃದಯದ್ದು ಒಂದು ಆಪರೇಷನ್ ಇದೆ. ದೊಡ್ಡದೇನಲ್ಲ, ಇಲ್ಲಿ ಎಲ್ಲರಿಗೂ ಮಾಡ್ತಾರೆ" ಎಂದರು.

"ಜೊತೆಗೆ ಯಾರಿರ್ತಾರೆ?" ಎಂದಳು ರಂಗನಾಯಕಿ.

"ಆಸ್ಪತ್ರೆಯೋರು ಇರ್ತಾರಲ್ಲ" ಎಂದು ನಕ್ಕರು.

ತನಗೂ ನಾಳೆ ಹಾಗೇ ಆದರೆ ಇದೇ ಉತ್ತರ, ಇದೇ ನಗು ಎಂದು ಆಕೆಗೆ ಗೊತ್ತಿತ್ತು. ಮರುದಿನವೇ ರಾಯರ ಮಠಕ್ಕೆ ಹೋಗಿ ಸೇವೆ ಹಿಡಿದಳು. ನೋಯುವ ಮಂಡಿಯನ್ನು ಎಳೆದುಕೊಂಡು ದಿನವೂ ಪ್ರದಕ್ಷಿಣೆ ಹಾಕಿದಳು. ಆಪರೇಷನ್ ಸುಸೂತ್ರವಾಯಿತು ಎಂದು ಸುದ್ದಿ ಬಂದ ದಿನ ಮಠದಲ್ಲಿ ಕೊಟ್ಟ ಮಂತ್ರಾಕ್ಷತೆಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಮನೆಗೆ ತಂದಳು.

ಅದೇ ವಾರ ಸರಕು ಹೊರಡುವುದಿತ್ತು. ಮೊದಲನೆಯ ಡಬ್ಬವನ್ನು ಯಾವಾಗಲೂ ತಾವೇ ಬಿಚ್ಚುವುದಾಗಿ ಮನೋಹರ್ ಹೇಳಿದ್ದರು. ಊರಿನ ವಾಸನೆ ಬರುತ್ತದಂತೆ. ರಂಗನಾಯಕಿ ಒಂದು ಚಿಕ್ಕ ಕಾಗದದ ಪೊಟ್ಟಣದಲ್ಲಿ ಮಂತ್ರಾಕ್ಷತೆ ಮಡಿಸಿ, ಗೆಜ್ಜೆವಸ್ತ್ರದ ಮೇಲಿನ ಪದರದ ಕೆಳಗೆ ಇಟ್ಟಳು. ಜೊತೆಗೆ ಒಂದು ಸಾಲು ಬರೆದಿಡಲಿಲ್ಲ. ಬರೆಯುವುದಾದರೂ ಏನನ್ನು? ಕಂಡರೆ ಅರ್ಥವಾಗುತ್ತದೆ, ತಲೆಯ ಮೇಲೆ ಹಾಕಿಕೊಳ್ಳುತ್ತಾರೆ, ಅಷ್ಟು ಸಾಕು.

ಕರಾರು ಪತ್ರ ನೆನಪಾಗಲಿಲ್ಲವೇ ಎಂದು ಕೇಳುತ್ತೀರಿ. ಆಗಲಿಲ್ಲ. ಧಾನ್ಯ ಎಂದರೆ ಆಕೆಯ ಪಾಲಿಗೆ ಅಡುಗೆಮನೆಯ ಡಬ್ಬದಲ್ಲಿರುವುದು, ತೊಳೆದು ಬೇಯಿಸುವುದು, ಹುಳು ಬಂದರೆ ಬಿಸಿಲಿಗೆ ಹರಡುವುದು. ಗುರುಗಳ ಸನ್ನಿಧಿಯಲ್ಲಿಟ್ಟು ಕೈಗೆ ಕೊಟ್ಟದ್ದನ್ನು ಯಾವ ಹೆಂಗಸು ದಿನಸಿಯ ಲೆಕ್ಕಕ್ಕೆ ಸೇರಿಸುತ್ತಾಳೆ? ಕಿಟಕಿಯ ಬೆಳಕಿಗೆ ಹಿಡಿದು ಹತ್ತಿಯ ಬೀಜ ಹುಡುಕಿದವಳು, ಅದೇ ಕೈಯಿಂದ ಒಂದು ಹಿಡಿ ಅಕ್ಕಿಯನ್ನು ಡಬ್ಬಕ್ಕೆ ಸೇರಿಸಿ, ಕಣ್ಣಿಗೊತ್ತಿಕೊಂಡು ಮುಚ್ಚಿದಳು.

ಹಡಗು ನಿಧಾನವಾಗಿ ಹೋಯಿತು. ಆಕೆ ಕಾದಳು. ಪ್ರತಿ ಭಾನುವಾರ 'ಸರಕು ಬಂತಾ' ಎಂದು ಕೇಳುತ್ತಿದ್ದಳು.

ಕೊನೆಗೆ ಒಂದು ಬುಧವಾರ ಫೋನ್ ಬಂತು. ವಾರ ತಪ್ಪಿ ಬಂದ ಫೋನ್.

"ನಾಯಕಿಯವ್ರೆ, ಒಂದು ತೊಂದರೆ ಆಗಿದೆ" ಎಂದರು ಮನೋಹರ್. "ಬಂದರಿನಲ್ಲಿ ಡಬ್ಬ ಬಿಚ್ಚಿ ತಪಾಸಣೆ ಮಾಡಿದಾರೆ. ಒಳಗೆ ಅಕ್ಕಿ ಸಿಕ್ತಂತೆ. ಬಣ್ಣ ಹಚ್ಚಿದ ಅಕ್ಕಿ. ಅದರಲ್ಲಿ ಒಂದು ಹುಳ ಇತ್ತಂತೆ, ಜೀವಂತ. ಇಲ್ಲಿ ಗೋಧಿ ಬೆಳೆಯೋರಿಗೆ ಅದು ಯಮ. ಪೂರ್ತಿ ಸರಕು ಸುಡ್ತಾರಂತೆ. ಅದು ಹೋಗ್ಲಿ. ಒಳಗೆ ಧಾನ್ಯ ಇಲ್ಲ ಅಂತ ಸಹಿ ಹಾಕಿ ಕೊಟ್ಟಿರೋನು ನಾನಲ್ವಾ? ಸುಳ್ಳು ಹೇಳಿದೀಯ ಅಂತ ವಿಚಾರಣೆ ಇಟ್ಟಿದಾರೆ. ಅಂಗಡಿಯ ಲೈಸೆನ್ಸ್ ಹೋಗ್ಬಹುದು."

ರಂಗನಾಯಕಿ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟಳು.

"ನೀವೇನಾದ್ರೂ ಹಾಕಿದ್ರಾ ಒಳಗೆ?"

ಹೌದು ಎಂದರೆ ಮುಂದಿನ ಪ್ರಶ್ನೆ 'ಯಾಕೆ'. ನಿಮಗೋಸ್ಕರ ಮಂಡಿ ನೋಯಿಸಿಕೊಂಡು ಮಠ ಸುತ್ತಿದೆ, ನೀವು ಬದುಕಿರಲಿ ಎಂದು ಬೇಡಿಕೊಂಡೆ ಎಂದು ಈ ವಯಸ್ಸಿನಲ್ಲಿ, ಎದುರಿಗೆ ಸಿದ್ದಮ್ಮ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುವಾಗ, ಹೇಗೆ ಹೇಳುವುದು? ನಾಲಗೆ ಆಕೆಯನ್ನು ಕೇಳದೆಯೇ ಹೊರಳಿತು.

"ಇಲ್ಲ" ಎಂದಳು.

"ಗೊತ್ತಿತ್ತು ನಂಗೆ" ಎಂದರು ಅವರು, ಒಂದು ಕ್ಷಣವೂ ತಡಮಾಡದೆ. "ನೀವು ಇಲ್ಲ ಅಂದ್ಮೇಲೆ ಇಲ್ಲ. ಅದೇ ಕಂಟೇನರ್‌ನಲ್ಲಿ ಬೇರೆಯವರ ಸಾಮಾನೂ ಬಂದಿದೆ, ಅಲ್ಲಿಂದ ಸೇರಿರ್ಬೇಕು. ಹಾಗೇ ಬರೆದು ಕೊಡ್ತೀನಿ."

ಆ ನಂಬಿಕೆ ಬೈಗುಳಕ್ಕಿಂತ ಕಡೆಯಾಯಿತು. ಅಂದು ಆಕೆ ಊಟ ಮಾಡಲಿಲ್ಲ.

ಮಾರನೆಯ ದಿನ ದೊರೆಸ್ವಾಮಿಯವರ ಮುಂದೆ ಎಲ್ಲವನ್ನೂ ಒದರಿದಳು, 'ಯಾಕೆ' ಎಂಬುದೊಂದನ್ನು ಬಿಟ್ಟು. ವಕೀಲರು ಕೇಳಲೂ ಇಲ್ಲ. ಅವರಿಗೆ ಬೇಕಾದ್ದು ಸಿಕ್ಕಿತ್ತು.

"ಇಲ್ಲ ಅಂದ್ರಾ? ಭೇಷ್. ಅಲ್ಲೇ ನಿಂತ್ಕೊಳ್ಳಿ. ಹಾಕಿದ್ದು ನಾನೇ ಅಂತ ಒಂದು ಮಾತು ನಿಮ್ಮ ಬಾಯಿಂದ ಬಂದ್ರೆ ಮುಗೀತು, ನಷ್ಟವೆಲ್ಲ ನಿಮ್ಮ ಮೇಲೆ ಬರುತ್ತೆ. ಇನ್ಮೇಲೆ ಆ ಮನುಷ್ಯನ ಫೋನ್ ಎತ್ತಲೇಬೇಡಿ."

"ಫೋನ್ ಎತ್ತಬಾರದಾ?"

"ಅವರೂ ವಕೀಲರನ್ನ ಇಟ್ಕೊಂಡಿರ್ತಾರೆ. ನೀವು ಆಡಿದ ಮಾತು ರೆಕಾರ್ಡ್ ಆದ್ರೆ ಸಾಕ್ಷಿ. ಮಾತೇ ದೊಡ್ಡ ರಿಸ್ಕು ಅಮ್ಮ."

ಮುಂದಿನ ಭಾನುವಾರ ಫೋನ್ ಹೊಡೆದುಕೊಂಡಿತು. ರಂಗನಾಯಕಿ ಅದರ ಎದುರಿಗೇ ಕೂತಿದ್ದಳು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊಡೆದುಕೊಂಡಿತು. ಅದರ ಮುಂದಿನ ವಾರವೂ ಹಾಗೇ. ಮೂರನೆಯ ವಾರ ಒಂದೇ ಸಲ. ಅಡುಗೆ ಆಗಿರುತ್ತಿತ್ತು, ಹಸಿವು ಇರುತ್ತಿರಲಿಲ್ಲ. ಓಣಿಯಲ್ಲಿ ಮಕ್ಕಳ ಕ್ರಿಕೆಟ್ಟು, ಎದುರುಮನೆಯ ಟಿವಿ, ಗವಿ ಗಂಗಾಧರನ ಗುಡಿಗೆ ಬಂದವರ ಕಾರಿನ ಹಾರ್ನು, ಊರಿಗೆ ಊರೇ ಗಲಗಲ ಎನ್ನುತ್ತಿತ್ತು. ಅಷ್ಟು ಸದ್ದಿನಲ್ಲಿ ಆಕೆಯನ್ನು ಕುರಿತದ್ದು ಒಂದೂ ಇರಲಿಲ್ಲ. ಒಂಟಿತನ ಆಕೆಗೆ ಹೊಸದಲ್ಲ, ಆದರೆ ಮೊದಲು ಅದರ ಅಳತೆ ಗೊತ್ತಿರಲಿಲ್ಲ. ಒಂದು ದನಿ ಬಂದು ಹೋದ ಮೇಲೆ ಗೊತ್ತಾಯಿತು, ಮನೆ ಎಷ್ಟು ದೊಡ್ಡದು ಎಂದು.

"ಏನ್ ಅಮ್ಮಾರೆ, ಜಗಳವಾ?" ಎಂದಳು ಸಿದ್ದಮ್ಮ, ಕಣ್ಣೆತ್ತದೆ ಹೊಸೆಯುತ್ತ.

"ಜಗಳ ಆಡೋಷ್ಟು ಸಲಿಗೆ ಎಲ್ಲಿತ್ತು" ಎಂದು ಎದ್ದು ಒಳಗೆ ಹೋದಳು ರಂಗನಾಯಕಿ. ಒಳಗೆ ಹೋಗಿ ಅತ್ತಳು.

ನಾಲ್ಕನೆಯ ಭಾನುವಾರ ಫೋನ್ ಹೊಡೆದುಕೊಳ್ಳಲೇ ಇಲ್ಲ. ಬದಲಿಗೆ ಒಂದು ಧ್ವನಿ ಸಂದೇಶ ಬಂತು. ಮನೋಹರ್ ನಿಧಾನವಾಗಿ, ಉಸಿರು ತೆಗೆದುಕೊಂಡು ಮಾತಾಡಿದ್ದರು. "ನಾಯಕಿಯವ್ರೆ, ನೀವು ಗಾಬರಿಯಾಗಿದೀರಿ ಅಂತ ಕಾಣುತ್ತೆ. ನಿಮ್ಮ ಹೆಸರಿಗೆ ಏನೂ ಬರದ ಹಾಗೆ ನೋಡ್ಕೋತೀನಿ. ನನಗೆ ಸರಕು ಕೊಡೋರು ಹಾಕಿಲ್ಲ, ಅವರ ಮಾತಿಗೆ ನಾನು ಜವಾಬ್ದಾರಿ ಅಂತ ಬರೆದು ಕೊಟ್ಟಿದೀನಿ. ಇನ್ನೊಂದು ಸಲ ಕರೀತಾರಂತೆ, ಪ್ರಮಾಣ ಮಾಡಿ ಅದನ್ನೇ ಹೇಳ್ತೀನಿ. ಊಟ ತಿಂಡಿ ಬಿಡ್ಬೇಡಿ."

ಆಕೆ ಅದನ್ನು ಒಂದೇ ಸಲ ಕೇಳಿದಳು. ಎರಡನೆಯ ಸಲ ಕೇಳುವ ಮುಖವಿರಲಿಲ್ಲ. ತನ್ನ ಸುಳ್ಳಿನ ಮೇಲೆ ಆ ಮನುಷ್ಯ ಪ್ರಮಾಣ ಮಾಡಲು ಹೊರಟಿದ್ದರು. ಆಪರೇಷನ್ ಆಗಿ ಇನ್ನೂ ಮೈ ಸರಿಯಾಗಿ ಕೂಡಿಬಂದಿರಲಿಲ್ಲ. ಅವರು ಬದುಕಲಿ ಎಂದು ಬೇಡಿಕೊಂಡ ಅದೇ ಬಾಯಿ ಅವರ ಬದುಕಿಗೆ ಮಣ್ಣು ಹಾಕುತ್ತಿತ್ತು.

ಸೋಮವಾರ ಬಾಗಿಲು ತೆಗೆಯುವ ಮೊದಲೇ ದೊರೆಸ್ವಾಮಿಯವರ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದಳು.

"ಹಾಕಿದ್ದು ನಾನೇ ಅಂತ ಬರೆದು ಕೊಡಬೇಕು ಸರ್. ಅಫಿಡವಿಟ್ಟೋ ಏನೋ ಹೇಳ್ತೀರಲ್ಲ, ಅದು."

ವಕೀಲರು ಬೀಗದ ಕೈ ಹಿಡಿದುಕೊಂಡೇ ನಿಂತರು. ಬೈದರು, ಬೇಡಿಕೊಂಡರು, ಮನೆ ಹೋದರೆ ಎಲ್ಲಿ ಇರುತ್ತೀರಿ ಎಂದರು. ಆಕೆ ಅಲ್ಲಾಡಲಿಲ್ಲ. ಕೊನೆಗೆ ಟೈಪ್ ಮಾಡುವ ಹುಡುಗಿಯನ್ನು ಕರೆದು ಕೂರಿಸಿಕೊಂಡರು.

"ಸರಿ, ಯಾಕೆ ಹಾಕಿದ್ರಿ ಹೇಳಿ."

"ಅದು ಬೇಕಾ ಸರ್?"

"ಬೇಕೇ ಬೇಕು. ಇಲ್ದಿದ್ರೆ ಅವರೇ ಹೇಳಿ ತರಿಸ್ಕೊಂಡ್ರು ಅಂತಾರೆ. ಅವರಿಗೆ ಗೊತ್ತಿರಲಿಲ್ಲ ಅಂತ ಗಟ್ಟಿಯಾಗ್ಬೇಕಾದ್ರೆ ನಿಮ್ಮ ಕಾರಣ ಸ್ಪಷ್ಟ ಇರ್ಬೇಕು."

ಫ್ಯಾನ್ ತಿರುಗುತ್ತಿತ್ತು. ಹುಡುಗಿಯ ಬೆರಳು ಕೀಲಿಗಳ ಮೇಲೆ ಕಾಯುತ್ತಿತ್ತು. ಅರವತ್ತು ವರ್ಷ ತನಗೆ ತಾನೇ ಹೇಳಿಕೊಳ್ಳದ ಮಾತನ್ನು ರಂಗನಾಯಕಿ ಮೇಜಿನ ಮೇಲಿದ್ದ ಪೇಪರ್‌ವೇಟನ್ನು ನೋಡುತ್ತ ಹೇಳಿದಳು.

"ಅವರಿಗೆ ಹುಷಾರಿರಲಿಲ್ಲ. ನೋಡ್ಕೊಳ್ಳೋಕೆ ಯಾರೂ ಇರಲಿಲ್ಲ. ಅವರು ಬದುಕಬೇಕು ಅಂತ ನಂಗೆ ಆಸೆ ಇತ್ತು. ಅವರಿಗೆ ತಿಳಿಸದೆ ಸೇವೆ ಮಾಡಿ, ಅವರಿಗೆ ತಿಳಿಸದೆ ಇಟ್ಟೆ. ಕೇಳಿದಾಗ ಇಲ್ಲ ಅಂದೆ, ನಾಚಿಕೆಯಾಗಿ."

ಹುಡುಗಿ ಟೈಪ್ ಮಾಡುವುದನ್ನು ನಿಲ್ಲಿಸಿ ಆಕೆಯ ಮುಖ ನೋಡಿದಳು. ದೊರೆಸ್ವಾಮಿ ಕೆಮ್ಮಿದರು. "ನಾಚಿಕೆ ಅನ್ನೋದಕ್ಕೆ ಬೇರೆ ಪದ ಹಾಕೋಣ" ಎಂದು ಸ್ವಲ್ಪ ಯೋಚಿಸಿ, "ಬೇಡ, ಅದೇ ಇರ್ಲಿ" ಎಂದರು.

ನೋಟರಿಯ ಮುದ್ರೆ ಬಿತ್ತು. ಆಕೆಯ ಅತ್ಯಂತ ಗುಟ್ಟಿನ ಸಂಗತಿ ಇಂಗ್ಲಿಷಿಗೆ ತಿರುಗಿ, ಪ್ರತಿ ಪುಟಕ್ಕೂ ಸಹಿ ಹಾಕಿಸಿಕೊಂಡು, ಪರದೇಶದ ಸರ್ಕಾರಿ ಕಚೇರಿಯೊಂದಕ್ಕೆ ಹೋಯಿತು. ಒಂದು ಪ್ರತಿ ಮನೋಹರ್ ಅವರಿಗೂ ಹೋಯಿತು. ಆ ಮೇಲೆ ವಾರಗಳು ಕಳೆದವು. ಫೋನ್ ಬರಲಿಲ್ಲ. ಓದಿ ಹೇಸಿಗೆಪಟ್ಟುಕೊಂಡಿರಬೇಕು ಎಂದುಕೊಂಡಳು. ಸಿದ್ದಮ್ಮನಿಗೂ ಬೇರೆ ಕಡೆ ಕೆಲಸ ನೋಡಿಕೊಳ್ಳಲು ಹೇಳಿದಳು. "ಕೂಲಿ ಇಲ್ದಿದ್ರೂ ಬತ್ತೀನಿ, ಮಾತಿಗೆ" ಎಂದವಳನ್ನು ಬೇಡವೆಂದು ಕಳಿಸಿದಳು. ತಾನು ಯಾರಿಗೂ ಒಳ್ಳೆಯದು ಮಾಡಲಾರೆ ಎಂಬ ವೈರಾಗ್ಯ ಹತ್ತಿತ್ತು.

ದೊರೆಸ್ವಾಮಿಯವರೇ ಒಂದು ದಿನ ಕರೆಸಿದರು. ಮುಖ ತುಂಬ ನಗು. ಎಂದೂ ಇಲ್ಲದವರು ಕಾಫಿ ತರಿಸಿದರು.

"ಗೆದ್ವಿ ಅಮ್ಮ! ಅವರಿಗೆ ಬರೀ ಎಚ್ಚರಿಕೆ ಕೊಟ್ಟು ಬಿಟ್ಟಿದಾರೆ, ಲೈಸೆನ್ಸ್ ಉಳೀತು. ಸರಕಿನ ನಷ್ಟ ವಿಮಾ ಕಂಪನಿ ಕಟ್ಟಿಕೊಡುತ್ತೆ. ನಿಮ್ಮ ಮೇಲೆ ಯಾರೂ ಯಾವತ್ತೂ ಕೇಸ್ ಹಾಕಲ್ಲ ಅಂತ ರಾಜಿ ಪತ್ರ ಬಂದಿದೆ. ಮನೋಹರ್ ಸಹಿ ಆಗಿದೆ, ನಿಮ್ಮದೊಂದು ಬಾಕಿ. ರಿಸ್ಕು ಸೊನ್ನೆ!"

ಲೈಸೆನ್ಸ್ ಉಳಿಯಿತು ಎಂದು ಕೇಳಿದ ಕೂಡಲೇ ಆಕೆಯ ಮೈ ಹಗುರಾಯಿತು. ಪೆನ್ನು ತೆಗೆದುಕೊಂಡಳು. ದೊರೆಸ್ವಾಮಿ ತಮ್ಮ ಅಭ್ಯಾಸದಂತೆ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತ ಹೋದರು. ಕೊನೆಯ ಸಾಲಿಗೆ ಬಂದು, "ಇದು ಮಾಮೂಲಿ. ಇನ್ನು ಮುಂದೆ ಇಬ್ಬರೂ ವ್ಯಾಪಾರ, ಪತ್ರ, ಫೋನು ಯಾವ ಸಂಪರ್ಕವನ್ನೂ ಇಟ್ಕೊಳ್ಳೋ ಹಾಗಿಲ್ಲ" ಎಂದರು.

ಪೆನ್ನು ನಿಂತಿತು.

"ಯಾವ ಬಾಬತ್ತಿಗೂ?"

"ಯಾವ ಬಾಬತ್ತಿಗೂ."

"ನಾನು ಸಹಿ ಹಾಕದೇ ಇದ್ರೆ?"

"ಆಗ ನಿಮ್ಮ ಮೇಲೆ ಯಾವತ್ತು ಬೇಕಾದ್ರೂ ಕೇಸ್ ಹಾಕ್ಬಹುದು ಅಮ್ಮ! ಕತ್ತಿ ತಲೆ ಮೇಲೆ ನೇತಾಡ್ತಾನೇ ಇರುತ್ತೆ."

"ಹಾಕ್ಲಿ ಬಿಡಿ" ಎಂದಳು ರಂಗನಾಯಕಿ. "ಹಾಕೋಕಾದ್ರೂ ಅವರು ನನ್ನ ಹೆಸರು ಬರೀಬೇಕಲ್ಲ."

ಆಕೆ ಕಾಗದವನ್ನು ಮಡಿಸಿಕೊಂಡು ಹೊರಟಳು. ತಿಂಗಳ ಕೊನೆಯವರೆಗೆ ಸಮಯವಿದೆ, ಯೋಚನೆ ಮಾಡಿ ಎಂದು ವಕೀಲರು ಬಾಗಿಲವರೆಗೂ ಬಂದು ಹೇಳಿದರು.

ಭಾನುವಾರ ಬಂತು. ಇಷ್ಟು ವರ್ಷದಲ್ಲಿ ತಾನಾಗಿ ಆಕೆ ಒಮ್ಮೆಯೂ ಕರೆ ಮಾಡಿರಲಿಲ್ಲ. ಕರೆ ಮಾಡುವುದು ಅವರ ಪಾಲು, ಕಾಯುವುದು ತನ್ನ ಪಾಲು ಎಂದು ಯಾರೋ ಬರೆದುಕೊಟ್ಟಂತೆ ನಡೆದುಕೊಂಡು ಬಂದಿದ್ದಳು. ಒಲೆಯ ಮೇಲೆ ಸಾರು ಇಟ್ಟು, ಕೈ ಒರೆಸಿಕೊಂಡು, ನಂಬರ್ ಒತ್ತಿದಳು. ಆ ಕಡೆ ಎತ್ತಿದರು. ಅಂಗಡಿಯೊಳಗೆ ಯಾರೋ ಗಂಟೆ ಬಾರಿಸಿ ನೋಡುತ್ತಿದ್ದ ಸದ್ದು ಮಾತ್ರ ಕೇಳುತ್ತಿತ್ತು.

"ಮನೋಹರ್ ಅವ್ರೆ, ನಾನು."

"ಗೊತ್ತಾಯ್ತು" ಎಂದರು ಅವರು. "ಸಹಿ ಹಾಕಿದ್ರಾ?"

"ಇಲ್ಲ. ಕೊನೇ ಸಾಲು ಓದಿದ್ರಾ ನೀವು?"

"ಓದಿದೆ."

"ಓದಿ ಹಾಕಿದ್ರಾ?" ಎಂದಳು ಆಕೆ. "ಅಷ್ಟು ಅಸಹ್ಯ ಆಯ್ತಾ ನಿಮಗೆ?"

"ಅಯ್ಯೋ, ಏನು ಮಾತಾಡ್ತೀರಿ!" ಎಂದರು ಮನೋಹರ್. ಉಸಿರು ಎಳೆದುಕೊಂಡರು. "ವಿಚಾರಣೆ ಮುಗಿಯೋ ತನಕ ನಿಮಗೆ ಫೋನ್ ಮಾಡ್ಬಾರದು ಅಂದಿದ್ರು. ಆ ಸಾಲು ವಿಮಾ ಕಂಪನಿಯೋರದು. ನಷ್ಟ ಕಟ್ಟಿಕೊಟ್ಟ ಮೇಲೆ ಅವರು ಅದನ್ನ ನಿಮ್ಮಿಂದ ವಸೂಲಿ ಮಾಡ್ಬಹುದು. ಮಾಡಬೇಡಿ ಅಂದೆ. ಹಾಗಾದ್ರೆ ಇಬ್ಬರೂ ಸೇರಿ ಮಾಡಿದ್ರಿ ಅನ್ನೋ ಅನುಮಾನ ಬೇಡ, ಆಕೆ ಜೊತೆ ನಿನಗೆ ಯಾವ ಸಂಬಂಧವೂ ಇರಕೂಡದು ಅಂದ್ರು. ನಿಮ್ಮ ಮನೆಯೋ, ನನ್ನ ಭಾನುವಾರವೋ, ಎರಡರಲ್ಲಿ ಒಂದು. ನಾನು ಇನ್ನೇನು ಮಾಡ್ಲಿ ನಾಯಕಿಯವ್ರೆ? ನಿಮ್ಮನ್ನ ಬೀದಿಗೆ ತಂದು ಯಾವ ಬಾಯಲ್ಲಿ ಹೇಗಿದೀರಾ ಅಂತ ಕೇಳ್ಲಿ?"

ರಂಗನಾಯಕಿ ಗೋಡೆಗೆ ಒರಗಿ ಕೆಳಗೆ ಕೂತಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಬೇಕೆನಿಸಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಒಬ್ಬರು ತನಗಾಗಿ ಒಂದನ್ನು ಬಿಟ್ಟುಕೊಟ್ಟಿದ್ದರು, ಮತ್ತು ಬಿಟ್ಟುಕೊಟ್ಟದ್ದು ತನ್ನನ್ನೇ. ಮನೆ ಬೇಡ ಎಂದು ಹೇಳಿಬಿಡಬಹುದಿತ್ತು. ಹೇಳಿದರೆ ಆ ಮನುಷ್ಯ ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಗುತ್ತಿತ್ತು, ಅದೂ ಆಕೆಗೆ ಅರ್ಥವಾಯಿತು.

"ಹಾಕಿಬಿಡಿ" ಎಂದರು ಮನೋಹರ್ ಮೆಲ್ಲಗೆ. "ನನ್ನ ಮಾತು ಕೇಳಿ."

"ಹಾಕ್ತೀನಿ" ಎಂದಳು.

ಆಮೇಲೆ ಆಕೆಯೇ ಕೇಳಿದಳು: "ಸಹಿ ಹಾಕೋ ತನಕ ಮಾತಾಡಿದ್ರೆ ತಪ್ಪಿಲ್ಲ ಅಲ್ವಾ?"

"ಕಾನೂನು ಪ್ರಕಾರ ತಪ್ಪಿಲ್ಲ."

"ತಿಂಗಳ ಕೊನೇವರೆಗೂ ಟೈಮ್ ಕೊಟ್ಟಿದಾರೆ."

ಆ ಕಡೆ ಅವರು ಲೆಕ್ಕ ಹಾಕುತ್ತಿದ್ದರು, ಇಲ್ಲಿಗೆ ಗೊತ್ತಾಗುತ್ತಿತ್ತು. "ಇವತ್ತು ಬಿಟ್ರೆ ಇನ್ನೆರಡು ಭಾನುವಾರ ಇದೆ" ಎಂದರು.

"ಕೊನೇ ದಿನ ಹಾಕ್ತೀನಿ. ಅವಸರ ಏನು" ಎಂದಳು ರಂಗನಾಯಕಿ. ಅಷ್ಟರಲ್ಲಿ ಅಡುಗೆಮನೆಯಿಂದ ಸಾರು ಉಕ್ಕುವ ಸದ್ದು ಬಂತು. ಆಕೆ ಗಡಬಡಿಸಿ ಎದ್ದಳು. "ಇಡಬೇಡಿ ಫೋನು. ಒಲೆ ಆರಿಸಿ ಬಂದೆ."

ನೋಯುವ ಮಂಡಿಯಲ್ಲಿ ಓಡಿಹೋಗಿ ಗ್ಯಾಸ್ ಆರಿಸಿ, ಓಡಿಬಂದು ಫೋನ್ ಕಿವಿಗಿಟ್ಟುಕೊಂಡಳು.

"ಇದೀರಾ?"

"ಇದೀನಿ" ಎಂದರು ಅವರು.